ಗೆರೆ ನಡುಗಿದ ವಾರ

ಪುಣೆ
20 ಡಿಸೆಂಬರ್ 1967

ಅಪ್ಪನವರಿಗೆ ನೀಲಗಂಗಾಳ ನಮಸ್ಕಾರ.

ನನ್ನ ತಂತಿ ಮುಟ್ಟಿರಬೇಕು. ನಾನು ಚೆನ್ನಾಗಿದ್ದೇನೆ. ಆ ಸೋಮವಾರ ಬೆಳಗಿನ ಜಾವ ಹಾಸ್ಟೆಲಿನ ಕಿಟಕಿಗಳೆಲ್ಲ ಬಡಿದುಕೊಂಡವು. ಉಟ್ಟ ಸೀರೆಯಲ್ಲೇ ಅಂಗಳಕ್ಕೆ ಓಡಿದೆವು. ನಮ್ಮಲ್ಲಿ ಗೋಡೆ ಬಿರುಕು ಬಿಟ್ಟದ್ದು ಬಿಟ್ಟರೆ ಏನೂ ಆಗಲಿಲ್ಲ. ಕೊಯ್ನಾ ಕಣಿವೆಯಲ್ಲಿ ಮಾತ್ರ ಹಳ್ಳಿಗಳೇ ನೆಲಕ್ಕೊರಗಿವೆ. ನಮ್ಮ ಕಚೇರಿಯ ಜವಾನನ ತಂಗಿಯ ಮನೆ ಆ ಕಡೆ. ಮನೆ ಹೋಯಿತು, ಜನ ಉಳಿದರು. ಅವನು ಅಳುತ್ತಲೇ ಪೇಢೆ ಹಂಚಿದ.

ಈಗ ಒಂದು ಬೇಡಿಕೆ. ನಾನು ಇಲ್ಲಿ ಮಾಡುವ ಕೆಲಸ ಏನೆಂದು ನೀವು ಎಷ್ಟೋ ಸಲ ಕೇಳಿದ್ದೀರಿ, ನಾನು ಸರಿಯಾಗಿ ಹೇಳಿಲ್ಲ. ನೂರು ಮೈಲಿಗೂ ಮೇಲೆ, ಗಾಳಿ ತೀರ ತೆಳುವಾದ ಕಡೆ, ಬಿಸಿಲಿನ ಹೊಡೆತಕ್ಕೆ ವಿದ್ಯುತ್ತು ತುಂಬಿಕೊಂಡ ಪದರವೊಂದಿದೆ. ರೇಡಿಯೋದ ಅಲೆ ಮೇಲೇರಿ ಅದಕ್ಕೆ ತಗುಲಿ ಕೆಳಗೆ ಬರುತ್ತದೆ. ನಮ್ಮ ಹಿತ್ತಲ ಬಾವಿಯ ನೀರಿಗೆ ಬಿದ್ದ ಬಿಸಿಲು ಗೋಡೆಯ ಮೇಲೆ ಕುಣಿಯುತ್ತದಲ್ಲ, ಹಾಗೆ. ನೀರು ಕದಡಿದರೆ ಗೋಡೆಯ ಬೆಳಕೂ ಕದಡುತ್ತದೆ. ಮೂರು ವರ್ಷದ ಹಿಂದೆ ಅಲಾಸ್ಕಾದಲ್ಲಿ ದೊಡ್ಡ ಭೂಕಂಪವಾದಾಗ ಆ ಪದರ ಕದಡಿದ್ದನ್ನು ಅಲ್ಲಿಯವರು ಕಂಡಿದ್ದಾರೆ. ನೆಲ ನಡುಗುವ ಮೊದಲೇ ಕದಡಿತ್ತೇ ಎಂದು ಕೆಲವರು ಕೇಳುತ್ತಿದ್ದಾರೆ. ಹಾಗಿದ್ದರೆ ಮುನ್ಸೂಚನೆ ಸಿಕ್ಕಂತೆ. ಇಲ್ಲದಿದ್ದರೆ ಇಲ್ಲ. ಯಾರಿಗೂ ಗೊತ್ತಿಲ್ಲ.

ನಮ್ಮ ಸಾಹೇಬರು ಕೊಯ್ನಾದಿಂದ ಬೇರೆ ಬೇರೆ ದೂರದಲ್ಲಿ, ವಿದ್ಯುತ್ ತಂತಿಗಳ ಗದ್ದಲವಿಲ್ಲದ ಊರುಗಳಲ್ಲಿ, ಅಲೆ ಹಿಡಿಯುವ ಯಂತ್ರ ಇಡಬೇಕೆಂದಿದ್ದಾರೆ. ನಾನು ಬನವಾಸಿಯ ನಮ್ಮ ಅಟ್ಟದ ಹೆಸರು ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದೆ. ಬೇಡವೆಂದರೆ ಈಗಲೇ ತಿಳಿಸಿ.

ನಿಮ್ಮ ಮಗಳು
ನೀಲಗಂಗಾ


ಬನವಾಸಿ
2 ಜನವರಿ 1968

ಚಿರಂಜೀವಿ ನೀಲಾಗೆ ಅಪ್ಪನ ಆಶೀರ್ವಾದ.

ಆ ದಿನ ಇಲ್ಲೂ ನಡುಗಿತು. ಅಡುಗೆಮನೆ ಹಲಗೆಯ ಮೇಲಿನ ತಾಮ್ರದ ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೆಕ್ಕೆಂದು ಗದರಿಸಿ ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಅಂಗಡಿಗೆ ಬಂದವರು ಭೂಕಂಪ ಅಂದರು. ಬೆಕ್ಕಿನ ಮೇಲೆ ತಪ್ಪು ಹೊರಿಸಿದ್ದಕ್ಕೆ ಅದಕ್ಕೆ ಹಾಲು ಹಾಕಿದೆ.

ಯಂತ್ರ ಕಳಿಸು. ಊಟ ಕೇಳದ ಅತಿಥಿಯಾದರೆ ಎಷ್ಟು ದಿನ ಇದ್ದರೂ ನನಗೆ ಭಾರವಿಲ್ಲ. ಅಟ್ಟದಲ್ಲಿ ಈಗ ಹಳೆಯ ಬಟ್ಟೆ ಗಂಟುಗಳಿವೆ, ಕೆಳಗಿಳಿಸುತ್ತೇನೆ. ಅಂಗಡಿಯ ವ್ಯಾಪಾರ ಸಂಕ್ರಮಣದ ಮುಂದೆ ಚೆನ್ನಾಗಿದೆ. ನೀನು ಉಟ್ಟ ಸೀರೆಯಲ್ಲೇ ಓಡಿದೆ ಎಂದು ಬರೆದದ್ದು ಓದಿ ಒಂದು ಶಾಲು ತೆಗೆದಿಟ್ಟಿದ್ದೇನೆ, ಯಂತ್ರ ತರುವವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಅಪ್ಪ
ಶಿವಲಿಂಗಪ್ಪ


ಬನವಾಸಿ
18 ಮಾರ್ಚ್ 1968

ನೀಲಾಗೆ ಆಶೀರ್ವಾದ.

ನಿಮ್ಮ ಕಚೇರಿಯ ರಘುಪತಿಯವರು ಬಂದು ಎರಡು ದಿನವಿದ್ದು ಎಲ್ಲ ಜೋಡಿಸಿ ಹೋದರು. ಮಾಳಿಗೆಯಿಂದ ಹಿತ್ತಲ ಹುಣಸೆಮರಕ್ಕೆ ತಂತಿ ಎಳೆದಿದ್ದಾರೆ. ಕೀಲಿ ಕೊಟ್ಟರೆ ತಿರುಗುವ ಉರುಳೆಗೆ ಕಾಗದ ಸುತ್ತಿದ್ದಾರೆ, ಅದರ ಮೇಲೆ ಲೇಖನಿ ಗೆರೆ ಎಳೆಯುತ್ತ ಕೂತಿದೆ. ದಿಲ್ಲಿಯ ಕಡೆಯಿಂದ ಬರುವ ಸಂಕೇತ ಚೆನ್ನಾಗಿ ಕೇಳಿದರೆ ಗೆರೆ ಮೇಲೆ, ಕುಂದಿದರೆ ಕೆಳಗೆ. ದಿನಾ ಕಾಗದ ಬದಲಿಸಿ, ತಾರೀಖು ಬರೆದು, ಮಸಿ ಹಾಕಬೇಕು. ಬ್ಯಾಟರಿ ಇಳಿದರೆ ಶಿರಸಿ ಬಸ್ಸಿನ ಡ್ರೈವರ್ ಹಯಾತ್ ಒಯ್ದು ತುಂಬಿಸಿ ತರುತ್ತಾನೆ. "ಸಾವ್ಕಾರ್ರೇ, ಇದು ನನ್ನ ಬಸ್ಸಿನ್ಯಾಗ ಹೋಗೋ ಎಲ್ಲಾ ಪ್ಯಾಸೆಂಜರಿಗಿಂತ ತೂಕ ಐತಿ, ಆದ್ರ ಒಂದ ಮಾತೂ ಆಡಂಗಿಲ್ಲ," ಎಂದು ನಗುತ್ತಾನೆ.

ಒಂದು ತೊಡಕು. ಕಾಗದದ ಸಣ್ಣ ಗುರುತುಗಳು ನನ್ನ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಹೆಣ್ಣುಮಕ್ಕಳ ಶಾಲೆಗೆ ಹೋದ ವರ್ಷ ಬಂದ ಮುಖ್ಯೋಪಾಧ್ಯಾಯಿನಿ ಗುರುಶಾಂತವ್ವ ಎಂಬ ಅಕ್ಕೋರು ಯಂತ್ರ ನೋಡಲು ಬಂದಿದ್ದರು. ನಾನು ತಲೆಕೆಳಗಾಗಿ ಕಾಗದ ಸುತ್ತುವುದನ್ನು ನೋಡಿ ತಡೆಯಲಾರದೆ ತಾವೇ ಕೈಹಾಕಿದರು. ಶಾಲೆ ಬಿಟ್ಟ ಮೇಲೆ ಬಂದು ಬದಲಿಸಿಕೊಡುತ್ತೇನೆ ಎಂದಿದ್ದಾರೆ. ಕಚೇರಿಗೆ ಇದು ನಡೆಯುತ್ತದೆಯೇ?

ಎದುರುಮನೆಯ ಜಟ್ಟಪ್ಪ ದಿನಾ ಬಂದು "ಯಾವತ್ತು ನಡಗತೈತ್ರಿ?" ಎಂದು ಕೇಳುತ್ತಾನೆ. ಹೊಸ ಗೋಡೆ ಕಟ್ಟಿಸಬೇಕಂತೆ, ಮುಹೂರ್ತ ಬೇಕಂತೆ.

ನಿನ್ನ ಅಪ್ಪ
ಶಿವಲಿಂಗಪ್ಪ


ಪುಣೆ
2 ಏಪ್ರಿಲ್ 1968

ಅಪ್ಪನವರಿಗೆ ನಮಸ್ಕಾರ.

ನಡೆಯುತ್ತದೆ. ಬಂದ ಕಾಗದಗಳು ಬಹಳ ಅಚ್ಚುಕಟ್ಟಾಗಿವೆ. ಬೇರೆ ಊರಿನವು ಎಣ್ಣೆ ಕಲೆ, ಇರುವೆಗಳೊಂದಿಗೆ ಬರುತ್ತವೆ. ಅಕ್ಕೋರಿಗೆ ನನ್ನ ಧನ್ಯವಾದ ಹೇಳಿ.

ಒಂದು ಮಾತನ್ನು ನೀವು ನಡೆಸಿಕೊಡಬೇಕು. ಗೆರೆ ಏನೇ ಆಗಲಿ, ಜಟ್ಟಪ್ಪನಿಗಾಗಲಿ ಯಾರಿಗಾಗಲಿ ಅದರ ಅರ್ಥ ಹೇಳಬೇಡಿ. ಅರ್ಥ ನಮಗೇ ಗೊತ್ತಿಲ್ಲ. ಸುಳ್ಳು ಸುದ್ದಿಗೆ ಜನ ಮನೆಮಠ ಬಿಟ್ಟು ಓಡಿದರೆ ಅದೂ ಒಂದು ಅನಾಹುತವೇ.

ಶಾಲು ಬೆಚ್ಚಗಿದೆ. ಇಲ್ಲಿಯ ಬೇಸಿಗೆಯಲ್ಲೂ ಹೊದೆಯುತ್ತೇನೆ. ಅಂಗಡಿಯಲ್ಲಿ ಬಹಳ ಹೊತ್ತು ನಿಲ್ಲಬೇಡಿ.

ನೀಲಗಂಗಾ


ಬನವಾಸಿ
21 ಜುಲೈ 1968

ನೀಲಾಗೆ ಆಶೀರ್ವಾದ.

ಬಿಸಿಲೇರಿದಂತೆ ಗೆರೆ ಇಳಿಯುತ್ತದೆ, ಹೊತ್ತು ಮುಳುಗಿದರೆ ಏರುತ್ತದೆ. ಅಕ್ಕೋರು ಇದನ್ನು ನೋಡಿ "ಇದು ನಮ್ಮ ಮೂರನೆ ಇಯತ್ತೆ ಹುಡುಗ್ಯಾರ್ಹಂಗ. ಬಿಸಿಲಾದ್ರ ತೂಕಡಸತೈತಿ, ಸಂಜಿ ಆದ್ರ ಜೀವ ಬರತೈತಿ," ಎಂದರು. ನಾನು ನಕ್ಕೆ. ಬಹಳ ದಿನದ ಮೇಲೆ ಅಷ್ಟು ನಕ್ಕೆ.

ಅವರು ಹಾವೇರಿಯ ಕಡೆಯವರು. ಇಪ್ಪತ್ತೆರಡಕ್ಕೆ ಗಂಡ ತೀರಿಕೊಂಡ. ಆ ಮೇಲೆ ಓದಿ ಮಾಸ್ತರಿಕೆ ಹಿಡಿದರು. ಮಕ್ಕಳಿಲ್ಲ. ಕೇಳಿದ್ದಕ್ಕೆ ಹೇಳಿದರು, ತಾವಾಗಿ ಹೇಳುವವರಲ್ಲ. ಅವರು ಬೈದರೆಂದು ಶಿರಸಿಗೆ ಹೋಗಿ ಕನ್ನಡಕ ಮಾಡಿಸಿದೆ. ಈಗ ಸಣ್ಣ ಗುರುತುಗಳು ನನಗೂ ಕಾಣುತ್ತವೆ. ಆದರೂ ಕಾಗದವನ್ನು ಅವರೇ ಬದಲಿಸಲಿ ಎಂದು ಬಿಟ್ಟಿದ್ದೇನೆ, ನಿಮ್ಮ ಕಚೇರಿಯವರಿಗೆ ಅಕ್ಷರ ಒಂದೇ ರೀತಿ ಇರಬೇಕಲ್ಲ.

ವರದೆ ತುಂಬಿ ಹರಿಯುತ್ತಿದ್ದಾಳೆ. ಮಳೆಯಿದ್ದ ದಿನ ಅವರನ್ನು ಕೊಡೆ ಹಿಡಿದು ಮನೆ ತನಕ ಬಿಟ್ಟು ಬರುತ್ತೇನೆ. ಅಂಗಡಿಯನ್ನು ಸ್ವಲ್ಪ ಬೇಗ ಮುಚ್ಚುತ್ತಿದ್ದೇನೆ. ನಿಲ್ಲಬೇಡಿ ಎಂದು ನೀನೂ ಬರೆದಿದ್ದೆ.

ಅಪ್ಪ


ಬನವಾಸಿ
5 ನವೆಂಬರ್ 1968

ನೀಲಾಗೆ ಆಶೀರ್ವಾದ.

ಈ ಪತ್ರ ಓದಿ ನೀನು ಸಿಟ್ಟಾಗುತ್ತೀ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋದ ವಾರ ಕೊಯ್ನಾದಲ್ಲಿ ಮತ್ತೆ ಜೋರಾಗಿ ನಡುಗಿತೆಂದು ಪತ್ರಿಕೆಯಲ್ಲಿ ಓದಿದೆವು. ಅದಾಗಿ ಎರಡು ದಿನಕ್ಕೆ, ಗುರುವಾರ, ಗೆರೆ ಹುಚ್ಚು ಹಿಡಿದಂತೆ ಆಡತೊಡಗಿತು. ಸಂಜೆ ಏರಬೇಕಾದ್ದು ಏರಲಿಲ್ಲ. ನಡುಗಿ ನಡುಗಿ ಕೆಳಕ್ಕೆ ಬಿತ್ತು, ಮತ್ತೆ ಎದ್ದಿತು. ಬ್ಯಾಟರಿ ನೋಡಿದೆವು, ತಂತಿ ನೋಡಿದೆವು, ಎಲ್ಲ ಸರಿಯಿತ್ತು. ಅಕ್ಕೋರು ಕಾಗದ ಬಿಚ್ಚಿ ತಾರೀಖು ಬರೆದರು. ಅಟ್ಟ ಇಳಿಯುವಾಗ ಹೇಳಿದರು:

"ನಾಳೆಯಿಂದ ಹುಡುಗ್ಯಾರ್ನ ಹೊರಗ ಕೂಡಸ್ತೀನ್ರಿ."

ಮಗಳಿಗೆ ಮಾತು ಕೊಟ್ಟಿದ್ದೇನೆ, ಯಾರಿಗೂ ಹೇಳುವಂತಿಲ್ಲ ಎಂದೆ.

"ಮಾತು ನೀವು ಕೊಟ್ಟೀರಿ, ನಾ ಕೊಟ್ಟಿಲ್ಲ. ಆ ಶಾಲಿ ಮಣ್ಣಿನ ಗ್ವಾಡಿ ನೀವ ನೋಡೀರಿ. ಕೊಡೆ ಊರಿದ್ರ ಒಳಗ ಹೋಕ್ಕೈತಿ. ಅದರ ಮ್ಯಾಲೆ ಹಂಚಿನ ಮಾಡು, ಕೆಳಗ ನನ್ನ ಹುಡುಗ್ಯಾರು."

"ಏನೂ ಆಗದಿದ್ರ ಊರು ನಗತದ," ಎಂದೆ.

"ನಗಲಿ. ನಕ್ಕರ ಗ್ವಾಡಿ ಬೀಳಂಗಿಲ್ಲ."

ಭೂಕಂಪದ ಸುದ್ದಿ ಎತ್ತುವುದು ಬೇಡ ಎಂದು ಮಾತ್ರ ಒಪ್ಪಿಸಿದೆ. ಮರುದಿನ ಅವರು ಮಕ್ಕಳನ್ನೆಲ್ಲ ವರದೆಯ ದಂಡೆಗೆ ಕರೆದೊಯ್ದು ಹೊಳೆ, ಹಕ್ಕಿ, ಕಲ್ಲು ಎಂದು ಪಾಠ ಹೇಳಿದರು. ನಾನು ಅಂಗಡಿಯಿಂದ ಜಮಖಾನೆಗಳನ್ನು ಹೊತ್ತುಕೊಂಡು ಹೋಗಿ ಹಾಸಿದೆ. ಶನಿವಾರವೂ ಹಾಗೆ, ನಿನ್ನೆಯೂ ಹಾಗೆ. ಒಬ್ಬ ಹುಡುಗಿ ಮೀನುಗಳನ್ನು ಲೆಕ್ಕದ ಪಾಠಕ್ಕೆ ಸೇರಿಸಿ ಎಂದು ಹಟ ಹಿಡಿದಳು. ನಾನು ಅಲ್ಲೇ ಕೂತು ಬಗ್ಗಿ ನೀರು ನೋಡಿದೆ. ಅಂಗಡಿಗೆ ಹೋಗುವ ನೆನಪೇ ಆಗಲಿಲ್ಲ.

ನೆಲ ನಡುಗಲಿಲ್ಲ. ಗೆರೆ ಈಗ ಸಮಾಧಾನಕ್ಕೆ ಬಂದಿದೆ. ಯಾರೋ ಶಾಲಾ ಕಚೇರಿಗೆ ಅರ್ಜಿ ಬರೆದಿದ್ದಾರಂತೆ, ಅಕ್ಕೋರು ಶಾಲೆ ಬಿಟ್ಟು ಹೊಳೆಯಲ್ಲಿ ಕಾಲ ಕಳೆಯುತ್ತಾರೆ, ಜೊತೆಗೆ ಬಟ್ಟೆ ಅಂಗಡಿಯ ಶಿವಲಿಂಗಪ್ಪನೂ ಇರುತ್ತಾನೆ ಎಂದು. ಅರ್ಜಿಯಲ್ಲಿ ಸುಳ್ಳೇನೂ ಇಲ್ಲ.

ಅದು ಏನಾಗಿತ್ತು, ನೀಲಾ? ಬೇಗ ತಿಳಿಸು. ಇನ್ನೊಂದು ವಿಷಯವೂ ಬರೆಯಬೇಕಿತ್ತು. ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಅಪ್ಪ


ಪುಣೆ
14 ನವೆಂಬರ್ 1968

ಅಪ್ಪನವರಿಗೆ ನಮಸ್ಕಾರ.

ಅದು ಸೂರ್ಯನ ಕೆಲಸ. ಸೂರ್ಯನ ಮೇಲೆ ದೊಡ್ಡ ಸಿಡಿತವಾಗಿ, ಅದರ ಹೊಡೆತಕ್ಕೆ ಮೇಲಿನ ಪದರ ಜಗತ್ತಿನ ತುಂಬ ಕದಡಿತ್ತು. ನಮ್ಮ ಎಲ್ಲ ಊರುಗಳ ಕಾಗದದಲ್ಲೂ ಅದೇ ಗುರುತು ಇದೆ. ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥದ್ದಾಗುತ್ತದೆಂದೇ ಯಾರಿಗೂ ಏನೂ ಹೇಳಬೇಡಿ ಎಂದು ಬೇಡಿಕೊಂಡದ್ದು.

ಹಾವೇರಿಯಿಂದ ಸೋದರತ್ತೆಯ ಪತ್ರ ಬಂದಿದೆ. ಊರು ಆಡಿಕೊಳ್ಳುವ ಸುದ್ದಿ ಬರೆದಿದ್ದಾರೆ, ನಿಮ್ಮದು ಮತ್ತು ಅಕ್ಕೋರದು.

ಕಾಗದಗಳನ್ನು ಇನ್ನು ಮುಂದೆ ನನ್ನ ಹೆಸರಿಗೆ ಬೇಡ, ನೇರವಾಗಿ ಕಚೇರಿಯ ವಿಳಾಸಕ್ಕೆ ಕಳಿಸಿ.

ನೀಲಗಂಗಾ


ಬನವಾಸಿ
9 ಜನವರಿ 1969

ನೀಲಾಗೆ ಆಶೀರ್ವಾದ.

ಸಂಕ್ರಮಣಕ್ಕೆ ಎಳ್ಳು ಬೆಲ್ಲ ಕಳಿಸಿದ್ದೇನೆ. ನಿನ್ನ ಪತ್ರವಿಲ್ಲ. ಮೈ ಹುಷಾರಾಗಿದೆಯಷ್ಟೆ? ನಾನು ಚೆನ್ನಾಗಿದ್ದೇನೆ. ಕಾಗದಗಳು ಕಚೇರಿಗೆ ಹೋಗುತ್ತಿವೆ.

ಅಪ್ಪ


ಬನವಾಸಿ
2 ಫೆಬ್ರುವರಿ 1969

ಸೌಭಾಗ್ಯವತಿಯಾಗಿ ಬಾಳಬೇಕಾದ ನೀಲಗಂಗಾ ಅವರಿಗೆ ಗುರುಶಾಂತವ್ವನ ಶರಣು.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಈ ಪತ್ರವನ್ನು ನಿಮ್ಮ ತಂದೆಯವರು ಬರೆಸಿದ್ದಲ್ಲ, ಅವರಿಗೆ ಗೊತ್ತೂ ಇಲ್ಲ.

ಕಾರ್ತಿಕದಲ್ಲಿ, ಹೊಳೆದಂಡೆಯ ಆ ಪಾಠಗಳಾದ ಮೇಲೆ, ಅವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ನಮ್ಮಲ್ಲಿ ಗಂಡ ತೀರಿಕೊಂಡವಳಿಗೆ ಉಡಿಕೆ ಮದುವೆ ಹೊಸತಲ್ಲ. ಸಂಗಯ್ಯನವರು, ಈ ಊರಿನ ಅಯ್ಯನವರು, "ಲಿಂಗದ ಮುಂದ ಕುಂತು ವಿಭೂತಿ ಹಚ್ಚಿಕೊಂಡ್ರ ಆತು, ಶರಣರಿಗೆ ಯಾರ ಅಪ್ಪಣಿ ಬೇಕು?" ಎಂದರಂತೆ. ಒಬ್ಬರ ಅಪ್ಪಣೆ ಬೇಕು, ನೀಲಗಂಗಾ ಒಪ್ಪಬೇಕು ಎಂದು ನಾನು ಹೇಳಿದೆ. ಬರೆಯುತ್ತೇನೆ ಎಂದರು. ಬರೆದಿಲ್ಲವೆಂದು ಈಗ ತಿಳಿಯಿತು. ನಿಮ್ಮ ನವೆಂಬರಿನ ಪತ್ರ ಬಂದ ಮೇಲೆ ಅವರಿಂದ ಆಗಲಿಲ್ಲ.

ಅರ್ಜಿ ವಿಚಾರಿಸಲು ಶಾಲಾ ಕಚೇರಿಯ ಸಾಹೇಬರು ಬಂದಿದ್ದರು. ಶಾಲೆಯ ಗೋಡೆಗೆ ಕೈಯಿಟ್ಟು ನೋಡಿ ಹೋದರು, ದುರಸ್ತಿಗೆ ಬರೆದಿದ್ದಾರಂತೆ. ಆದರೂ ನಾನೇ ವರ್ಗ ಕೇಳಿದ್ದೇನೆ. ಯಲ್ಲಾಪುರ ತಾಲೂಕಿನ ಉಮ್ಮಚಗಿಗೆ ಆಗಿದೆ, ನಾಳೆ ಹೊರಡುತ್ತೇನೆ. ಊರಿನ ಬಾಯಿಗೆ ಹೆದರಿ ಅಲ್ಲ. ಉತ್ತರ ಬಾರದ ಮನೆಯ ಬಾಗಿಲಲ್ಲಿ ನಿಂತಿರುವುದು ನನ್ನಿಂದಾಗದು. ನಿಮ್ಮ ಮೇಲೆ ನನಗೆ ಬೇಸರವಿಲ್ಲ. ತಾಯಿಯನ್ನು ಕಳೆದುಕೊಂಡ ಮಗಳು ಹೇಗಿರುತ್ತಾಳೆಂದು ನನಗೆ ಗೊತ್ತು, ನಾನೂ ಒಬ್ಬಳು.

ಯಂತ್ರದ ಮಸಿ ಬತ್ತದಂತೆ ನೋಡಿಕೊಳ್ಳಲು ಅವರಿಗೆ ಹೇಳಿದ್ದೇನೆ.

ಗುರುಶಾಂತವ್ವ


ಉಮ್ಮಚಗಿ
28 ಫೆಬ್ರುವರಿ 1969

ಅಪ್ಪನವರಿಗೆ ನೀಲಾಳ ನಮಸ್ಕಾರ.

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ನಾನು ಪುಣೆಯಲ್ಲಿಲ್ಲ. ಅಕ್ಕೋರ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಅಕ್ಕೋರು ನನಗೆ ಬರೆದಿದ್ದರು. ಓದಿ ಪೆಟ್ಟಿಗೆಯಲ್ಲಿಟ್ಟೆ. ಏನು ಉತ್ತರ ಬರೆಯಬೇಕೋ ತಿಳಿಯಲಿಲ್ಲ. ಆಮೇಲೆ ಬನವಾಸಿಯ ಕಾಗದಗಳು ಬಂದವು. ಇಡೀ ವಾರದ್ದು, ತಾರೀಖಿಲ್ಲ, ಗೆರೆಯೂ ಇಲ್ಲ. ಮಸಿ ಹಾಕಿಯೇ ಇರಲಿಲ್ಲ. ರಘುಪತಿ "ಯಂತ್ರ ಕೆಟ್ಟಿರಬೇಕು" ಎಂದ. ಅವ್ವ ತೀರಿಕೊಂಡ ವಾರದಲ್ಲೂ ಅಂಗಡಿಯ ಬಾಗಿಲನ್ನು ಹೊತ್ತಿಗೆ ಸರಿಯಾಗಿ ತೆರೆದವರು ನೀವು. ಯಂತ್ರ ಕೆಟ್ಟಿಲ್ಲವೆಂದು ನನಗೆ ಗೊತ್ತಾಯಿತು. ಅಂದೇ ರಜೆ ಬರೆದುಕೊಟ್ಟೆ.

ಹುಬ್ಬಳ್ಳಿಯಲ್ಲಿ ರೈಲಿಳಿದು ಬಸ್ಸು ಹಿಡಿದು ನಿನ್ನೆ ಮಧ್ಯಾಹ್ನ ಇಲ್ಲಿಗೆ ಬಂದೆ. ಮನೆಯ ಒಡತಿ ಸೀತಕ್ಕ ನಾನು ಯಾರೆಂದು ಕೇಳುವ ಮೊದಲೇ "ಬಾ ತಂಗಿ, ಒಳಗೆ ಬಾ. ಆಸ್ರಿಗೆ ಎಂತ ಮಾಡವು?" ಎಂದು ನೀರು ಬೆಲ್ಲ ಮುಂದಿಟ್ಟರು. ಶಾಲೆ ಬಿಟ್ಟು ಬಂದ ಅಕ್ಕೋರು ನನ್ನನ್ನು ಒಂದು ಗಳಿಗೆ ನೋಡಿದರು. "ನಿಮ್ಮ ಅಪ್ಪಾರ ಹುಬ್ಬು," ಎಂದರು. ಒಲೆ ಹೊತ್ತಿಸಿ ಉಪ್ಪಿಟ್ಟಿಗೆ ಇಟ್ಟರು.

ಏನು ಮಾತಾಡಬೇಕೆಂದು ರೈಲಿನಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಕೊನೆಗೆ "ನಮ್ಮ ಅಪ್ಪನ ಮೇಲೆ ನಿಮಗೆ ಸಿಟ್ಟಿಲ್ಲವೇನ್ರಿ?" ಎಂದು ಕೇಳಿದೆ.

"ಐತಿ. ಬಟ್ಟಿ ಅಂಗಡಿ ಇಟ್ಟ ಮನಷ್ಯಾ, ಗಜಗಟ್ಟಲೆ ಮಾತಾಡತಾರ. ಮಗಳಿಗೆ ಒಂದ ಸಾಲು ಬರಿಯಾಕ ಆಗಲಿಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವರು ಒಲೆಯ ಕಡೆಗೇ ಮುಖ ಮಾಡಿ, ಸೌಟು ಆಡಿಸುತ್ತ, ಮೆಲ್ಲಗೆ ಹೇಳಿದರು:

"ಪಾರ್ವತವ್ವಾರ ಮಾತು ದಿನಾ ಆಡತಾರ ನಿಮ್ಮ ಅಪ್ಪ. ನಾ ಅವರ್ನ ನೋಡಿಲ್ಲ. ಆದ್ರ ಅವರು ಬಾಯಿಗೆ ಸೆರಗ ಹಿಡಕೊಂಡು ಹ್ಯಾಂಗ ನಗತಿದ್ರು ಅನ್ನೂದು ನನಗ ಗೊತ್ತೈತಿ. ಅವರ ಜಾಗಾ ನನಗ ಬ್ಯಾಡ, ನೀಲಗಂಗಾ. ಅಟ್ಟದ ಮ್ಯಾಲೆ ಒಂದ ಜಾಗಾ ಐತಲ್ಲ, ಅದಽ ಸಾಕು."

ಅಪ್ಪ, ಅವ್ವ ಹೋಗಿ ಆರು ವರ್ಷ. ನನ್ನ ಮುಂದೆ ನೀವು ಒಂದು ಸಲವೂ ಅವಳ ಹೆಸರೆತ್ತಿಲ್ಲ. ಮರೆತಿದ್ದೀರಿ ಎಂದೇ ನಾನು ತಿಳಿದಿದ್ದೆ. ಅವಳು ಸೆರಗು ಹಿಡಿದು ನಗುತ್ತಿದ್ದದ್ದನ್ನು ನಾನೇ ಮರೆತಿದ್ದೆ, ನೋಡಿ. ಮಲಗುವ ತನಕ ನಾವಿಬ್ಬರೂ ಅವ್ವನ ಮಾತನ್ನೇ ಆಡಿದೆವು. ನನಗೆ ಗೊತ್ತಿಲ್ಲದ್ದು ಅವರಿಗೆ ಎಷ್ಟೊಂದು ಗೊತ್ತಿತ್ತು.

ಕಚೇರಿಯ ಮಾತು ಒಂದು. ಕೊಯ್ನಾ ನಡುಗಿದ ದಿನಗಳನ್ನೂ ನಮ್ಮ ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಕೆಲವು ಸಲ ಮುಂಚೆ ಗೆರೆ ಇಳಿದಿದೆ, ಹೆಚ್ಚು ಸಲ ಇಲ್ಲ. ಸುಮ್ಮಸುಮ್ಮನೆ ಇಳಿದದ್ದೂ ಇದೆ. ಇರಬಹುದು ಎನ್ನುವುದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯಲಾಗದು. ಸಾಹೇಬರಿಗೆ ಬೇಸರವಿಲ್ಲ, ಇನ್ನೊಂದು ವರ್ಷ ನೋಡೋಣ ಎನ್ನುತ್ತಾರೆ. ಬನವಾಸಿಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ ಎಂದು ಕೇಳಿದರು. ಇಬ್ಬರಿದ್ದಾರೆ ಎಂದು ಹೇಳಿ ಬಂದಿದ್ದೇನೆ. ನಿಮ್ಮನ್ನು ಕೇಳದೆ ಹೇಳಿದೆ.

ಈ ಪತ್ರವನ್ನು ಶಿರಸಿ ಬಸ್ಸಿನವರ ಕೈಗೆ ಕೊಡುತ್ತೇನೆ, ಹಯಾತಣ್ಣ ಇಂದೇ ಮುಟ್ಟಿಸುತ್ತಾನೆ. ನಾಳೆ ಶನಿವಾರ, ಅಕ್ಕೋರಿಗೆ ಬೆಳಗಿನ ಶಾಲೆ. ಸಂಜೆಗೆ ನಾವಿಬ್ಬರೂ ಬನವಾಸಿಯಲ್ಲಿರುತ್ತೇವೆ. ಅಡುಗೆ ಮಾಡಿಡಬೇಡಿ, ನಿಮ್ಮ ಅಡುಗೆ ನಮಗೆ ಗೊತ್ತು.

ನಿಮ್ಮ
ನೀಲಾ


ಬನವಾಸಿ
16 ಜೂನ್ 1969

ಚಿರಂಜೀವಿ ನೀಲಾಗೆ ಆಶೀರ್ವಾದ.

ಶಾಲೆಗಳು ಆರಂಭವಾದವು. ಗುರುಶಾಂತಾಗೆ ಮತ್ತೆ ಇಲ್ಲಿಗೇ ವರ್ಗವಾಗಿದೆ. ಹೊಸ ಗೋಡೆ ಮೊಣಕಾಲಿನೆತ್ತರಕ್ಕೆ ಬಂದಿದೆ. ಅದು ಮುಗಿಯುವ ತನಕ ಎರಡು ತರಗತಿ ನಮ್ಮ ಪಡಸಾಲೆಯಲ್ಲಿ ನಡೆಯುತ್ತವೆ. ಅಂಗಡಿಯಲ್ಲಿ ಕೂತರೆ ಮಗ್ಗಿ ಕೇಳುತ್ತದೆ, ಗಿರಾಕಿಗಳ ಮುಂದೆ ನಾನೂ ಹನ್ನೆರಡರ ಮಗ್ಗಿ ಹೇಳಿಬಿಡುತ್ತೇನೆ.

ಮದುವೆಯ ಮರುದಿನ ನೀನು ಬಸ್ಸು ಹತ್ತುವಾಗ ಅವ್ವನ ಬಗ್ಗೆ ಬರೆಯಿರಿ ಎಂದಿದ್ದೆ. ಬರೆಯುತ್ತೇನೆ. ನೀನು ಹುಟ್ಟಿದ ವರ್ಷ ವರದೆ ಅಂಗಡಿಯ ಮೆಟ್ಟಿಲ ತನಕ ಬಂದಿತ್ತು. ಪಾರ್ವತಿ ನಿನ್ನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಹೊಳೆಗೇ ಜೋರು ಮಾಡಿದಳು, "ಇಲ್ಲಿ ಕೂಸು ಮಲಗೈತಿ, ಆಚೆ ಹೋಗು," ಎಂದು. ಬೆಳಗಾಗುವಾಗ ನೀರಿಳಿದಿತ್ತು. ತನ್ನ ಮಾತಿಗೇ ಇಳಿಯಿತೆಂದು ಸಾಯುವ ತನಕ ಹೇಳುತ್ತಿದ್ದಳು. ನಾನೂ ಅಲ್ಲವೆಂದಿರಲಿಲ್ಲ. ಇಂಥವು ಇನ್ನೂ ಬಹಳ ಇವೆ, ಒಂದೊಂದಾಗಿ ಬರೆಯುತ್ತೇನೆ.

ಉಳಿದ ಜಾಗವನ್ನು ಗುರುಶಾಂತಾ ಕೇಳುತ್ತಿದ್ದಾಳೆ.

ನಿನ್ನ ಅಪ್ಪ
ಶಿವಲಿಂಗಪ್ಪ

ನೀಲಗಂಗಾ, ಕಾಗದ ಇಂದಿನ ಟಪ್ಪಾಲಿಗೆ ಹಾಕಿದ್ದೇನೆ. ಮಳೆಗಾಲದ ಸಿಡಿಲಿಗೆ ಲೇಖನಿ ಹಾರುತ್ತದೆ, ಅಂಥ ಕಡೆ ಗುರುತು ಮಾಡಿದ್ದೇನೆ, ಭೂಕಂಪವೆಂದು ತಿಳಿಯಬೇಡಿ. ದಸರೆಯ ರಜೆಗೆ ಬರುತ್ತೀರಾ ಎಂದು ಬರೆದು ಹೊಡೆದುಹಾಕಿದೆ. ದಸರೆಯ ರಜೆಗೆ ಬರುತ್ತೀಯಾ? ರೂಢಿಯಾಗಲು ನನಗೆ ಇನ್ನು ಕೆಲವು ಪತ್ರ ಬೇಕು.

ಗುರುಶಾಂತಾ